ಕಾಗೆಗಳಿಗೆ ಗೊತ್ತಿದ್ದ ಚೆಲುವರಾಜು

ಅಗ್ರಹಾರ ಬಡಾವಣೆಯ ಓಣಿಗಳಲ್ಲಿ ತಲೆಗೆ ಹೆಲ್ಮೆಟ್ ಹಾಕಿಕೊಂಡು ನಡೆದು ಹೋಗುವ ಮನುಷ್ಯ ಒಬ್ಬನೇ. ಅವನ ಹತ್ತಿರ ಗಾಡಿ ಇಲ್ಲ, ಕಲಿಯುವ ಆಸೆಯೂ ಇಲ್ಲ. ಹಾಲು ತರಲು ಹೋಗುವಾಗ ಹೆಲ್ಮೆಟ್, ಕಟಿಂಗ್ ಅಂಗಡಿಗೆ ಹೋಗುವಾಗ ಹೆಲ್ಮೆಟ್, ದೇವಸ್ಥಾನದ ಮೆಟ್ಟಿಲವರೆಗೂ ಹೆಲ್ಮೆಟ್. ಹೊಸಬರು ಅವನನ್ನು ನೋಡಿ ನಗುತ್ತಾರೆ. ಹಳಬರು ಮೇಲೆ ನೋಡುತ್ತಾರೆ, ಏಕೆಂದರೆ ಅವನು ಬಂದನೆಂದರೆ ಹಿಂದೆಯೇ ಕಾಗೆಗಳು ಬಂದವೆಂದು ಅರ್ಥ.

ಹೆಸರು ಚೆಲುವರಾಜು. ಕೆಲಸ ಲೈನ್‌ಮ್ಯಾನ್. ನಾನು ಶಾಂತಾದೇವಿ, ಅದೇ ವಿದ್ಯುತ್ ಕಚೇರಿಯಲ್ಲಿ ದೂರು ಬರೆದುಕೊಳ್ಳುವ ಮೇಜಿನ ಹಿಂದೆ ಇಪ್ಪತ್ತೆಂಟು ವರ್ಷ ಕೂತು, ಹೋದ ಸೆಪ್ಟೆಂಬರಿನಲ್ಲಿ ಎದ್ದು ಬಂದವಳು. ಫೋನ್ ಎತ್ತಿದರೆ ನಮಸ್ಕಾರವಿಲ್ಲ, ಹೆಸರಿಲ್ಲ, ನೇರವಾಗಿ ‘ಕರೆಂಟ್ ಯಾವಾಗ ಬರುತ್ತೆ?’ ಇಷ್ಟು ವರ್ಷ ಈ ಒಂದೇ ಪ್ರಶ್ನೆಗೆ ಉತ್ತರ ಕೊಟ್ಟವಳ ಬಾಯಿ ಎಷ್ಟು ಸಿಹಿಯಾಗಿರಬಹುದೆಂದು ನೀವೇ ಊಹಿಸಿಕೊಳ್ಳಿ. ಚೆಲುವರಾಜುವನ್ನು ಎದುರಿಗೆ ‘ನೀವು’ ಎಂದೇ ಮಾತಾಡಿಸಿದ್ದೇನೆ. ಇಲ್ಲಿ ಏಕವಚನದಲ್ಲಿ ಬರೆಯುತ್ತೇನೆ. ನನಗಿಂತ ಆರು ವರ್ಷ ಚಿಕ್ಕವನು, ಬೈಯಲೂ ಅನುಕೂಲ, ಮರುಗಲೂ ಅನುಕೂಲ.

ನಮ್ಮ ಊರಿನ ಕಾಗೆಗಳು ಗೂಡಿಗೆ ಕಡ್ಡಿ ಹುಡುಕುವುದನ್ನು ಬಿಟ್ಟು ಬಹಳ ಕಾಲವಾಯಿತು. ಕಡ್ಡಿಗಿಂತ ಸುಲಭವಾಗಿ ತಂತಿ ಸಿಗುತ್ತದೆ. ಎಲ್ಲಿ ನೋಡಿದರೂ ಮನೆ ಕಟ್ಟುತ್ತಿದ್ದಾರೆ, ಕಬ್ಬಿಣದ ಸರಳು ಬಿಗಿಯುವ ತಂತಿ ರಸ್ತೆಯ ಮೇಲೆ ಬಿದ್ದಿರುತ್ತದೆ. ಅದನ್ನು ಕೊಕ್ಕಿನಲ್ಲಿ ಕಚ್ಚಿಕೊಂಡು ಹೋಗಿ, ನೆಮ್ಮದಿಯ ಜಾಗವೆಂದು ಕರೆಂಟ್ ಕಂಬದ ಅಡ್ಡಪಟ್ಟಿಯ ಮೇಲೆ ಹೆಣೆಯುತ್ತವೆ. ಆ ತಂತಿ ಎರಡು ಲೈನಿಗೆ ಒಟ್ಟಿಗೆ ತಾಗಿದರೆ ಢಬ್ ಎಂದು ಸದ್ದಾಗಿ ಬೀದಿಗೆ ಬೀದಿಯೇ ಆರಿಹೋಗುತ್ತದೆ. ಮಾರ್ಚಿನಿಂದ ಜೂನ್ ತನಕ ನನಗೆ ಬರುತ್ತಿದ್ದ ದೂರುಗಳಲ್ಲಿ ಅರ್ಧ ಇವೇ. ನಾನು ‘ಕಾಗೆ ಗೂಡು’ ಎಂದು ಬರೆದು, ಕಂಬದ ನಂಬರು ಹೇಳಿ ಚೆಲುವರಾಜುವನ್ನು ಅಟ್ಟುತ್ತಿದ್ದೆ.

ಅವನದೊಂದು ನೇಮವಿತ್ತು. ಗೂಡು ಖಾಲಿ ಇದ್ದರೆ ತೆಗೆಯುವುದು. ಮೊಟ್ಟೆಯೋ ಮರಿಯೋ ಇದ್ದರೆ ತೆಗೆಯುವುದಿಲ್ಲ. ಹಳೆಯ ಪ್ಲಾಸ್ಟಿಕ್ ಪೈಪನ್ನು ಉದ್ದಕ್ಕೆ ಸೀಳಿ ಲೈನಿಗೆ ತೊಡಿಸಿ, ಗೂಡನ್ನು ಒಂದು ಗೇಣು ಆಚೆ ಸರಿಸಿ, ಇಳಿದು ಬಂದುಬಿಡುತ್ತಿದ್ದ. ‘ತೆಗೆದ್ರಾ?’ ಎಂದರೆ ‘ಆಯ್ತು ಮೇಡಂ’ ಎನ್ನುತ್ತಿದ್ದ. ಏನು ಆಯ್ತು ಎಂದು ನಾನು ಕೇಳುತ್ತಿರಲಿಲ್ಲ. ರಿಜಿಸ್ಟರಿನಲ್ಲಿ ‘ತೆರವು ಮಾಡಲಾಗಿದೆ’ ಎಂದು ಬರೆಯುತ್ತಿದ್ದೆ. ಮೂವತ್ತು ವರ್ಷದ ನೌಕರಿಯಲ್ಲಿ ಅವನು ಹೇಳಿದ ಸುಳ್ಳು ಇದೊಂದೇ ಇರಬೇಕು, ಅದಕ್ಕೆ ನನ್ನ ಕೈಬರಹವೂ ಸೇರಿದೆ.

ಹೋದ ವರ್ಷದ ಮಾರ್ಚಿನಲ್ಲಿ ಆ ನೇಮ ಮುರಿಯಿತು. ಮುರಿಸಿದವಳು ನಾನು.

ಮಾರನೆಯ ದಿನ ಪಿಯುಸಿ ಪರೀಕ್ಷೆ. ಕೃಷ್ಣಮೂರ್ತಿಪುರಂನ ಒಂದು ಕಂಬದಲ್ಲಿ ಬೆಳಿಗ್ಗೆಯಿಂದ ಮೂರು ಸಲ ಢಬ್ ಎಂದಿತ್ತು. ಮಕ್ಕಳನ್ನು ಓದಿಸುತ್ತಿದ್ದ ತಾಯಂದಿರೆಲ್ಲ ನನ್ನ ಮೇಲೆ ಬಿದ್ದರು. ಒಬ್ಬರಂತೂ ‘ನಿಮಗೆ ಮಕ್ಕಳಿಲ್ವಾ?’ ಎಂದು ಕೇಳಿದರು. ನನಗೆ ಇಲ್ಲ. ಆ ಸಿಟ್ಟನ್ನು ಹಾಗೇ ಎತ್ತಿಕೊಂಡು ಚೆಲುವರಾಜುವಿಗೆ ಫೋನ್ ಮಾಡಿದೆ. ಅವನು ಕಂಬದ ಮೇಲೆಯೇ ಇದ್ದ.

“ನಾಕು ಮೊಟ್ಟೆ ಅವೆ ಮೇಡಂ. ಪೈಪು ಮುಗುದೋಗದೆ. ಒಂದು ಗಂಟೆ ಟೇಮು ಕೊಡಿ, ಆಫೀಸಿಂದ ತಂದು ಹಾಕ್ಬುಡ್ತೀನಿ.”

“ಮೊಟ್ಟೆ ಕಾಯೋಕೆ ಸಂಬಳ ಕೊಡ್ತಾರೇನ್ರೀ ನಿಮಗೆ? ತೆಗೆದು ಬಿಸಾಕಿ ಮೊದ್ಲು.”

ತೆಗೆದ. ಇಳಿಸುವಾಗ ಒಂದು ಮೊಟ್ಟೆ ಜಾರಿ ರಸ್ತೆಗೆ ಬಿತ್ತು. ಉಳಿದ ಮೂರನ್ನು ಗೂಡಿನ ಸಮೇತ ಪಕ್ಕದ ಹೊಂಗೆ ಮರದ ಕವಲಿನಲ್ಲಿ ಇಟ್ಟು ಬಂದನಂತೆ. ಮಾರನೆಯ ದಿನ ಹೋಗಿ ನೋಡಿದರೆ ಗೂಡು ಇತ್ತು, ಮೊಟ್ಟೆ ಇರಲಿಲ್ಲ. ಕರೆಂಟ್ ಬಂದ ಮೇಲೆ ನನ್ನ ಫೋನ್ ಸುಮ್ಮನಾಯಿತು. ನಾನು ನೆಮ್ಮದಿಯಾಗಿ ಟೀ ಕುಡಿದೆ. ಇದನ್ನು ಬರೆಯಲು ನನಗೆ ನಾಚಿಕೆಯಾಗುತ್ತದೆ, ಆದರೂ ಕುಡಿದದ್ದು ಹೌದು.

ಕಂಬ ಹತ್ತಿದಾಗ ಕಾಗೆ ಕುಕ್ಕುವುದು ಲೈನ್‌ಮ್ಯಾನ್‌ಗಳಿಗೆ ಹೊಸದಲ್ಲ. ಆದರೆ ಅಂದಿನಿಂದ ಚೆಲುವರಾಜುವನ್ನು ಕಾಗೆಗಳು ರಸ್ತೆಯಲ್ಲೂ ಕುಕ್ಕತೊಡಗಿದವು. ಖಾಕಿ ಬಿಟ್ಟು ಲುಂಗಿ ಉಟ್ಟರೂ ಬಿಡಲಿಲ್ಲ. ಹತ್ತು ಜನರ ಮಧ್ಯೆ ನಡೆದು ಹೋಗುತ್ತಿದ್ದರೂ ಅವನ ನೆತ್ತಿಯನ್ನೇ ಹುಡುಕಿಕೊಂಡು ಬರುತ್ತಿದ್ದವು. ಕೃಷ್ಣಮೂರ್ತಿಪುರಂನ ಜಗಳ ಅಗ್ರಹಾರದವರೆಗೆ ಹೇಗೆ ಹಬ್ಬಿತೋ ತಿಳಿಯದು, ಏಪ್ರಿಲ್ ಮುಗಿಯುವಷ್ಟರಲ್ಲಿ ಅವನ ಮನೆಯ ಮಾಳಿಗೆಯ ಮೇಲೂ ಅದೇ ಪಾಡು. ಆಗ ಬಂದದ್ದು ಹೆಲ್ಮೆಟ್.

ಹಾಗೆಯೇ ಗೂಡುಗಳನ್ನು ಗುಜರಿಗೆ ಹಾಕುವುದನ್ನೂ ನಿಲ್ಲಿಸಿದ. ತಾನು ಇಳಿಸಿದ್ದನ್ನು ಮಾತ್ರವಲ್ಲ, ಬೇರೆ ಲೈನ್‌ಮ್ಯಾನ್‌ಗಳು ಇಳಿಸಿದ್ದನ್ನೂ ಗೋಣಿಚೀಲದಲ್ಲಿ ಹಾಕಿಕೊಂಡು ಮನೆಗೆ ತರತೊಡಗಿದ. “ಒಬ್ರ ಮನೆ ಕೆಡವಿ, ಅದನ್ನ ಕೇಜಿ ಲೆಕ್ಕದಲ್ಲಿ ಮಾರಕಾಯ್ತದಾ ಮೇಡಂ?” ಎಂದ. ಅವನ ಹೆಂಡತಿ ಮಂಗಳಮ್ಮ ಸಂಡಿಗೆ ಒಣಹಾಕುವ ಜಾಗವೆಲ್ಲ ತಂತಿ ಗೂಡುಗಳಿಂದ ತುಂಬಿತು. ಅವಳು ಬೈದು ಬೈದು ಕೊನೆಗೆ ಗೂಡುಗಳ ಒಳಗೇ ಬಾಳಕದ ಮೆಣಸಿನಕಾಯಿ ಒಣಗಿಸಲು ಕಲಿತಳು.

ಜುಲೈನಲ್ಲಿ ಅವನ ತಾಯಿ ಬೋರಮ್ಮ ತೀರಿಕೊಂಡರು. ವರುಣದ ಕಡೆಯ ಹಳ್ಳಿಯಿಂದ ಬಂದು ಇಪ್ಪತ್ತು ವರ್ಷ ಮಗನ ಜೊತೆಗೇ ಇದ್ದ ಜೀವ. ಮೂರು ದಿನದ ಜ್ವರ, ಅಷ್ಟೇ. ಪ್ರಾಣ ಹೋಗುವ ಹೊತ್ತಿಗೆ ಮಗ ಕಂಬದ ಮೇಲಿದ್ದ.

ಹನ್ನೊಂದನೆಯ ದಿನದ ತಿಥಿಗೆ ನಾನೂ ಹೋಗಿದ್ದೆ. ತಲೆ, ಮೀಸೆ ಬೋಳಿಸಿಕೊಂಡು ಒದ್ದೆ ಪಂಚೆಯಲ್ಲಿ ನಿಂತಿದ್ದ ಚೆಲುವರಾಜುವನ್ನು ನೋಡಿ ಯಾರೋ ಪುರೋಹಿತರ ಕಡೆಯವರು ಎಂದುಕೊಂಡೆ. ನನಗೇ ಗುರುತು ಸಿಗಲಿಲ್ಲ. ಮಾಳಿಗೆಯ ಮೇಲೆ ಬಾಳೆ ಎಲೆ ಹಾಕಿ, ಬೋರಮ್ಮನಿಗೆ ಇಷ್ಟವಾದ ಮುದ್ದೆ, ಉಪ್ಸಾರು, ಕಜ್ಜಾಯ, ಎಲೆ ಅಡಿಕೆ, ಒಂದು ಚಿಟಿಕೆ ಹೊಗೆಸೊಪ್ಪಿನ ಕಡ್ಡಿಪುಡಿ ಇಟ್ಟು, ಮಗ ಕೈಮುಗಿದು ನಿಂತ. ಕಾಗೆ ಬಂದು ಮುಟ್ಟಿದರೆ ಸತ್ತವರು ಉಂಡಂತೆ. ಆಮೇಲೆಯೇ ಉಳಿದವರ ಊಟ.

ಕಾಗೆಗಳು ಬಂದವು. ನೀರಿನ ಟ್ಯಾಂಕಿನ ಮೇಲೆ, ಡಿಶ್ ಆಂಟೆನಾದ ಮೇಲೆ, ಪಕ್ಕದ ಮನೆಯ ಗೋಡೆಯ ಮೇಲೆ ಸಾಲಾಗಿ ಕೂತು ಕೂಗಿದವು. ಒಂದೂ ಎಲೆಯ ಹತ್ತಿರ ಸುಳಿಯಲಿಲ್ಲ. ಬೋರಮ್ಮನ ತಮ್ಮ ಬೆಟ್ಟಯ್ಯ ಎಂಬತ್ತರ ಹತ್ತಿರದ ಮುದುಕ, ಇಂಥ ಕೆಲಸಗಳಿಗೆಲ್ಲ ಅವನದೇ ಯಜಮಾನಿಕೆ. ಸತ್ತವರಿಗೆ ಏನೋ ಆಸೆ ಉಳಿದಿದ್ದರೆ ಕಾಗೆ ಮುಟ್ಟುವುದಿಲ್ಲ, ಆ ಆಸೆಯನ್ನು ನಡೆಸಿಕೊಡುತ್ತೇವೆಂದು ಬಾಯಿಬಿಟ್ಟು ಮಾತು ಕೊಡಬೇಕು. ಬೆಟ್ಟಯ್ಯ ಒಂದೊಂದೇ ಕೊಡುತ್ತಾ ಹೋದ.

“ಅಕ್ಕಯ್ಯ, ನಿನ್ ಹೆಣ್ಮಕ್ಕಳಿಗೆ ಬಾಗಿನ ತಪ್ಪಿಸಾಕಿಲ್ಲ, ಉಣ್ಣು. ಅಕ್ಕಯ್ಯ, ಮನೆದೇವ್ರ ಹರಕೆ ತೀರಿಸ್ತೀವಿ, ಉಣ್ಣು. ಅಕ್ಕಯ್ಯ, ನಿನ್ ಎಮ್ಮೆ ಮಾರಾಕಿಲ್ಲ, ಉಣ್ಣು.”

ಎಮ್ಮೆಯನ್ನು ಮಾರಿ ಇಪ್ಪತ್ತು ವರ್ಷವಾಗಿತ್ತು. ಯಾರೂ ನಗಲಿಲ್ಲ. ಬಿಸಿಲು ಏರಿತು, ಮಕ್ಕಳು ಹಸಿವೆಂದು ಅತ್ತವು. ಮೂರು ಗಂಟೆಗೆ ಎಲೆಯನ್ನು ಎತ್ತಿ ಬೀದಿಯ ಹಸುವಿಗೆ ಹಾಕಿದರು. ಕೆಳಗೆ ಊಟಕ್ಕೆ ಕೂತಾಗ ಬೆಟ್ಟಯ್ಯ ಎಲ್ಲರಿಗೂ ಕೇಳುವಂತೆ ಹೇಳಿದ: “ಮಗ ಸರಿಯಾಗಿ ನೋಡ್ಕಂಡಿದ್ರೆ ಅಕ್ಕಯ್ಯ ಇಂಗೆ ಮಾಡ್ತಿರ್ನಿಲ್ಲ.”

ಚೆಲುವರಾಜು ತಲೆ ತಗ್ಗಿಸಿ ಬಡಿಸುತ್ತಿದ್ದ. ಮೊಟ್ಟೆಯ ವಿಷಯ ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿದ್ದವಳು ನಾನೊಬ್ಬಳೇ, ನಾನು ಬಾಯಿ ಬಿಡಲಿಲ್ಲ. ಪಾಯಸ ಚೆನ್ನಾಗಿದೆ ಎಂದೆ.

ಅಲ್ಲಿಂದ ಮುಂದೆ ಅವನು ಒಂದು ಕಡೆ ಕೂತದ್ದನ್ನು ನಾನು ಕಂಡಿಲ್ಲ. ಆಫೀಸಿಗೆ ಬಂದರೆ ಕುರ್ಚಿಯ ಬೆನ್ನು ಹಿಡಿದು ನಿಲ್ಲುವುದು, ಟೀ ಕೊಟ್ಟರೆ ಅರ್ಧ ಕುಡಿದು ಲೋಟ ಮರೆತು ಹೋಗುವುದು. ತಾಯಿಗೆ ಏನು ಆಸೆ ಉಳಿದಿತ್ತು ಎಂಬುದೊಂದೇ ಅವನ ಹುಡುಕಾಟ. ಬೋರಮ್ಮನಿಗೆ ಎಲೆ ಅಡಿಕೆ ಮಾರುತ್ತಿದ್ದವಳನ್ನು ಕೇಳಿದ, ಕಣ್ಣಿನ ಆಸ್ಪತ್ರೆಯಲ್ಲಿ ಪಕ್ಕದ ಮಂಚದಲ್ಲಿ ಮಲಗಿದ್ದವರನ್ನು ಹುಡುಕಿಕೊಂಡು ಹೋಗಿ ಕೇಳಿದ. ಒಂದು ದಿನ ದೂರಿನ ನಂಬರಿಗೇ ಫೋನ್ ಮಾಡಿ, “ಮೇಡಂ, ನಮ್ಮವ್ವ ನಿಮ್ ತಾವ ಏನಾರ ಹೇಳಿದ್ಲಾ?” ಎಂದ. ಬೋರಮ್ಮನನ್ನು ನಾನು ಜೀವಮಾನದಲ್ಲಿ ಎರಡು ಸಲ ಕಂಡವಳು. ಪ್ರತಿ ಅಮಾವಾಸ್ಯೆಗೆ ಎಡೆ ಇಟ್ಟ. ಒಮ್ಮೆ ರಸಬಾಳೆ, ಒಮ್ಮೆ ಹೊಸ ಸೀರೆ, ಒಮ್ಮೆ ಹಳ್ಳಿಯ ಬಾವಿಯಿಂದ ಒಂದು ಬಿಂದಿಗೆ ನೀರು ತಂದು ಇಟ್ಟ. ಕಾಗೆಗಳು ಸುತ್ತ ಕೂತು ಬೈದವೇ ಹೊರತು ಮುಟ್ಟಲಿಲ್ಲ. ಕಡೆಗೆ ಅವನೇ ತೀರ್ಮಾನಕ್ಕೆ ಬಂದ. ಮೊಟ್ಟೆ ಒಡೆದ ಕೈಯಿಂದ ಇಕ್ಕಿದ ಅನ್ನವನ್ನು ತಾಯಿ ಮುಟ್ಟುವುದಿಲ್ಲ. ಉಳಿದದ್ದು ವರ್ಷದ ತಿಥಿ. ಅಂದೂ ಕಾಗೆ ಮುಟ್ಟದಿದ್ದರೆ ಅವ್ವ ಹಸಿದುಕೊಂಡೇ ಹೋದಳೆಂದು ಅರ್ಥ, ಅದಕ್ಕೆ ಮುಂದೆ ದಾರಿಯಿಲ್ಲ.

ಈ ವರ್ಷ ಏಪ್ರಿಲ್‌ನಲ್ಲಿ ಮಾನಸ ಬಂದಳು. ಜಯಲಕ್ಷ್ಮಿಪುರಂನಲ್ಲಿ ಅವಳ ಮನೆಯ ಮುಂದಿನ ಕಂಬದಿಂದ ಚೆಲುವರಾಜು ಒಂದು ಖಾಲಿ ಗೂಡನ್ನು ಇಳಿಸುತ್ತಿದ್ದ. ಕಲಾಶಾಲೆಯಲ್ಲಿ ಪಾಠ ಹೇಳುವ ಹುಡುಗಿ, ಕರೆಂಟ್ ಹೋಯಿತೆಂದು ಜಗಳಕ್ಕೆ ಹೊರಗೆ ಬಂದವಳು ಗೂಡನ್ನು ನೋಡಿ ಜಗಳ ಮರೆತಳಂತೆ. ಅದರಲ್ಲಿ ಬಟ್ಟೆ ನೇತುಹಾಕುವ ತಂತಿಯ ಹ್ಯಾಂಗರು, ಕನ್ನಡಕದ ಒಂದು ಕಾಲು, ಇಯರ್‌ಫೋನಿನ ವೈರು, ಸೈಕಲ್ ಚಕ್ರದ ಕಡ್ಡಿ ಎಲ್ಲ ಹೆಣೆದುಕೊಂಡಿದ್ದವು.

“ಇದನ್ನ ಯಾರು ಮಾಡಿದ್ದು?”

“ಕಾಗೆ ಕಣಮ್ಮ.”

“ಇನ್ನೂ ಇವೆಯಾ ಇಂಥವು?”

“ಮಾಳಿಗೆ ಮೇಲೆ ಅರವತ್ತೊಂದು ಅವೆ. ನಮ್ಮನೆಯವರನ್ನ ಕೇಳಿ, ಇನ್ನೂ ಚೆನ್ನಾಗಿ ಹೇಳ್ತಾರೆ.”

ಹೀಗೆ ಅಗ್ರಹಾರದ ಗೂಡುಗಳು ಜಯಲಕ್ಷ್ಮಿಪುರಂನ ಒಂದು ಹಳೆಯ ಬಂಗಲೆಯಲ್ಲಿ, ಬಿಳಿ ಗೋಡೆಗಳ ನಡುವೆ, ಕಲಾ ಪ್ರದರ್ಶನವಾಗಿ ಕೂತವು. ಮಾರಬಾರದು, ಮುಗಿದ ಮೇಲೆ ಎಲ್ಲ ವಾಪಸ್ ಕೊಡಬೇಕು, ತನ್ನ ಹೆಸರು ಹಾಕಬಾರದು ಎಂದು ಚೆಲುವರಾಜು ಷರತ್ತು ಹಾಕಿದ್ದ. ಹಾಗಾಗಿ ಕೆಳಗಿನ ಚೀಟಿಗಳಲ್ಲಿ ಕಂಬದ ನಂಬರು, ಬೀದಿ, ತಿಂಗಳು ಇಷ್ಟೇ ಇದ್ದವು.

ಜೂನ್‌ನಲ್ಲಿ ನಾನೂ ನೋಡಲು ಹೋದೆ. ಒಂದು ಗೂಡಿನಲ್ಲಿ ಹಾರ್ಮೋನಿಯಮ್ಮಿನ ಹಿತ್ತಾಳೆಯ ಪಟ್ಟಿ. ಒಂದರಲ್ಲಿ ಯಾವುದೋ ಮಗುವಿನ ಓಟದ ಪದಕ. ಒಂದರಲ್ಲಿ ಹೆಂಗಸರ ಒಳಉಡುಪಿನ ತಂತಿ, ಅದರ ಮುಂದೆ ಗಂಡಸರು ಬಹಳ ಹೊತ್ತು ನಿಂತು ಕಲೆಯನ್ನು ಅರ್ಥ ಮಾಡಿಕೊಳ್ಳುತ್ತಿದ್ದರು. ಇನ್ನೊಂದರಲ್ಲಿ ಪಂಜರದ ತಂತಿಯನ್ನೇ ಬಿಚ್ಚಿ ತಂದು ಗೂಡಿಗೆ ಸೇರಿಸಿತ್ತು ಯಾವುದೋ ಕಾಗೆ. ಒಬ್ಬ ಹೆಂಗಸು ವೀಣೆಯ ತಂತಿಯನ್ನು ನೋಡಿ, ಇದು ನಮ್ಮ ಮನೆಯದೇ, ಕಿಟಕಿಯ ಮೇಲಿಟ್ಟಿದ್ದೆ, ಕೆಲಸದವಳ ಮೇಲೆ ಸುಮ್ಮನೆ ಅನುಮಾನ ಪಟ್ಟೆ ಎಂದು ಅಲ್ಲೇ ನಿಂತು ಬೇಸರ ಮಾಡಿಕೊಂಡಳು. ಕುರ್ತಾ ತೊಟ್ಟ ಒಬ್ಬರು ‘ಇದು ನಗರದ ಒಡಲಿನ ಸಂಕಟ’ ಎಂದು ಇನ್ನೊಬ್ಬರಿಗೆ ವಿವರಿಸುತ್ತಿದ್ದರು. ಆ ಗೂಡಿನ ಚೀಟಿಯಲ್ಲಿದ್ದ ಕಂಬ ನಂಬರ್ ನೂರ ಹದಿನಾಲ್ಕರ ಸಂಕಟ ನನಗೆ ಚೆನ್ನಾಗಿ ಗೊತ್ತಿತ್ತು. ಅದೊಂದೇ ಕಂಬಕ್ಕೆ ಒಂದು ವಾರದಲ್ಲಿ ಇಪ್ಪತ್ತು ಸಲ ಬೈಸಿಕೊಂಡಿದ್ದೆ.

ಚೆಲುವರಾಜು ಅಲ್ಲಿಯೂ ನಿಂತಲ್ಲಿ ನಿಲ್ಲಲಿಲ್ಲ. ಗಂಟೆಗೊಮ್ಮೆ ಗೂಡುಗಳನ್ನು ಎಣಿಸಿ ಬರುತ್ತಿದ್ದ. ಸೀಲಿಂಗ್ ದೀಪವೊಂದು ಮಿಣುಕುವುದು ಅವನ ಕಣ್ಣಿಗೆ ಬಿತ್ತು. ಏಣಿ ತರಿಸಿ, ಸ್ವಿಚ್ ಬೋರ್ಡು ಬಿಚ್ಚಿ, ಹಲ್ಲಿನಲ್ಲಿ ವೈರು ಕಚ್ಚಿಕೊಂಡು ಸರಿಮಾಡತೊಡಗಿದ. ಖಾಕಿ ಅಂಗಿ, ಹೆಲ್ಮೆಟ್, ಏಣಿ. ನೋಡಲು ಬಂದಿದ್ದವರು ಒಬ್ಬೊಬ್ಬರಾಗಿ ಬಂದು ಏಣಿಯ ಸುತ್ತ ಮೌನವಾಗಿ ನಿಂತರು. ದೀಪ ಹತ್ತಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಅವನು ಗಾಬರಿಯಾಗಿ ಇಳಿದು ಬಂದು ನನ್ನನ್ನು ಕೇಳಿದ: “ಯಾಕಂತೆ ಮೇಡಂ?”

ನಗುತ್ತಲೇ ಒಳಗಿನ ಕೋಣೆಗೆ ಹೋದವಳಿಗೆ ನಗು ನಿಂತುಹೋಯಿತು. ಅಲ್ಲಿ ಮಾನಸ ಒಂದು ಗೂಡನ್ನು ಬೋರಲಾಗಿ ತೂಗುಹಾಕಿದ್ದಳು. ಕೆಳಗಿನಿಂದ ದೀಪ ಬಿಟ್ಟಿದ್ದಳು, ಚೆನ್ನಾಗಿಯೇ ಕಾಣುತ್ತಿತ್ತು. ಚೆಲುವರಾಜು ನೋಡಿದವನೇ ಏಣಿ ಎಳೆದುಕೊಂಡು ಬಂದ.

“ಹಂಗೆ ಹಾಕ್ಬಾರ್ದು ಕಣಮ್ಮ, ಮೊಟ್ಟೆ ಬಿದ್ದೋಯ್ತವೆ.”

ಮಾನಸ ಅದರಲ್ಲಿ ಮೊಟ್ಟೆ ಇಲ್ಲವಲ್ಲ ಎನ್ನಲು ಬಾಯಿ ತೆರೆದಳು. ನಾನು ಅವಳ ಕೈ ಹಿಡಿದೆ. ಅವನು ಗೂಡನ್ನು ನೆಟ್ಟಗೆ ಕಟ್ಟಿ ಇಳಿದು ಬಂದ.

ಪವಮಾನ ಎಂಬ ನಿವೃತ್ತ ಪ್ರಾಣಿಶಾಸ್ತ್ರದ ಮೇಷ್ಟ್ರು ಸಿಕ್ಕಿದ್ದು ಅಂದೇ. ಗೂಡುಗಳನ್ನು ಭೂತಗನ್ನಡಿ ಹಿಡಿದು ನೋಡುತ್ತಿದ್ದ ಅವರು, ಒಳಗೂ ಹೆಲ್ಮೆಟ್ ಏಕೆ ಎಂದು ಚೆಲುವರಾಜುವನ್ನು ಕೇಳಿದರು. ಅವನು ಹೇಳಿದ. ಅವರು ನಗಲಿಲ್ಲ.

“ಕಾಗೆಗೆ ಮನುಷ್ಯರ ಮುಖ ಗುರುತು ಸಿಗುತ್ತೆ ಕಣ್ರೀ. ವರ್ಷಗಟ್ಟಲೆ ಮರೆಯೋದಿಲ್ಲ. ಇವನು ಕೆಟ್ಟವನು ಅಂತ ಒಂದಕ್ಕೆ ಗೊತ್ತಾದ್ರೆ, ಅದು ಕೂಗೋದನ್ನ ನೋಡಿ ಉಳಿದವೂ ಕಲಿಯುತ್ತವೆ. ಹೊರದೇಶದಲ್ಲಿ ಮುಖವಾಡ ಹಾಕ್ಕೊಂಡು ಪರೀಕ್ಷೆ ಮಾಡಿದ್ದಾರೆ. ಮುಖವಾಡ ತೆಗೆದ್ರೆ ಸುಮ್ಮನಿರ್ತವೆ, ಹಾಕಿದ್ರೆ ಮುತ್ತಿಗೆ ಹಾಕ್ತವೆ.”

“ಅಂದ್ರೆ ಪಾಪ ಅಲ್ವಾ ಸಾರ್ ಇದು?”

“ಪಾಪ ಪುಣ್ಯ ನಾನು ಓದಿಲ್ಲ. ಅವಕ್ಕೆ ನಿಮ್ಮ ಮುಖ ಗೊತ್ತು. ಅಷ್ಟೇ.”

ಮಾರನೆಯ ದಿನ ಬೆಳಿಗ್ಗೆ ಏಳಕ್ಕೇ ಚೆಲುವರಾಜು ನಮ್ಮ ಮನೆಯ ಬಾಗಿಲಲ್ಲಿದ್ದ. ಕೂರಿ ಎಂದರೆ ಕೂರಲಿಲ್ಲ, ಹಜಾರದಲ್ಲಿ ಆ ಗೋಡೆಯಿಂದ ಈ ಗೋಡೆಗೆ ನಡೆಯುತ್ತಲೇ ಮಾತಾಡಿದ.

“ಮೇಡಂ, ಅವತ್ತು ಎಲೆ ಮುಂದೆ ನಾನು ನಿಂತಿದ್ನಲ್ಲ, ಅದಕ್ಕೇ ಬರ್ನಿಲ್ಲ ಅವು. ಅಮಾವಾಸೆಗೂ ನಾನೇ ನಿಂತಿದ್ದೆ. ನಾನು ನಿಂತಿದ್ದಕ್ಕೇ ಅವ್ವ ಉಪಾಸ.”

“ಹಂಗಾದ್ರೆ ಈ ಸಲ ನೀವು ನಿಲ್ಲಬೇಡಿ. ಮಂಗಳಮ್ಮ ಇಡಲಿ.”

“ನಮ್ ಮಾವ ಒಪ್ಪಾಕಿಲ್ಲ. ಮಗನ ಕೈಯಿಂದ್ಲೇ ಇಕ್ಕಬೇಕು, ಕಾಗೆ ಮುಟ್ಟೋಗಂಟ ಮಗ ನಿಂತಿರ್ಬೇಕು. ಇಲ್ದಿದ್ರೆ ಅದು ಯಾರ್ದೋ ಎಡೆ.”

ಆಗ ನಾನು ವರ್ಷದಿಂದ ನುಂಗಿಕೊಂಡಿದ್ದನ್ನು ಹೇಳಿದೆ. “ಚೆಲುವರಾಜು, ಆ ಮೊಟ್ಟೆ ತೆಗೆಸಿದವಳು ನಾನು. ನಿಮ್ಮ ಮಾವನಿಗೆ ನಾನೇ ಬಂದು ಹೇಳ್ತೀನಿ.”

ಅವನು ನಡೆಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದ. “ನೀವು ಹೇಳಿದ್ರಿ. ಕೈ ಹಾಕಿದ್ದು ನಾನು ಮೇಡಂ,” ಎಂದ. ಬೈದಿದ್ದರೆ ಚೆನ್ನಾಗಿತ್ತು.

ಮುಖವಾಡದ ಯೋಚನೆ ನನ್ನದೇ. ಮಾನಸಳಿಗೆ ಹೇಳಿದೆ. ಅವಳು ಕಾಗದ ನೆನೆಸಿ, ಅರೆದು, ಮೆಂತ್ಯದ ಅಂಟು ಸೇರಿಸಿ ಒಂದು ಮುಖ ಮಾಡಿದಳು. ಯಾರ ಹಾಗೂ ಇರಬಾರದು ಎಂದು ಮೂಗು, ಹಣೆ ಎಲ್ಲವನ್ನೂ ಮೊಂಡು ಮಾಡಿದ್ದಳು. ಆದರೂ ತುಟಿಯ ತುದಿಯಲ್ಲಿ ಸಣ್ಣ ನಗು ಉಳಿದುಬಿಟ್ಟಿತ್ತು. ಎಷ್ಟು ತಿದ್ದಿದರೂ ಹೋಗಲಿಲ್ಲವೆಂದು ಅವಳು ಸಂಕೋಚಪಟ್ಟಳು.

ಜುಲೈನ ತಿಥಿಯ ದಿನ ನಾನೂ ಮಾನಸಳೂ ಬೆಳಿಗ್ಗೆಯೇ ಹೋದೆವು. ಬೆಟ್ಟಯ್ಯನ ಮುಂದೆ ನಿಂತು ಮೊಟ್ಟೆಯ ಕಥೆಯನ್ನು, ನನ್ನ ಬೈಗುಳವನ್ನೂ ಸೇರಿಸಿ, ಪೂರ್ತಿ ಹೇಳಿದೆ. ಮುದುಕ ಕೇಳಿಸಿಕೊಂಡು ಎಲೆ ಅಡಿಕೆ ಉಗುಳಿ ಬಂದ. ಮುಖವಾಡ ನೋಡಿದ ಮೇಲೆ ಮಾತ್ರ ಸಿಟ್ಟು ನೆತ್ತಿಗೇರಿತು.

“ಹೆತ್ತವ್ವನ ಎಡೆಗೆ ಯೇಸ ಹಾಕ್ಕಂಡು ನಿಂತ್ಕಂತೀಯೇನ್ಲಾ? ಇದೇನು ನಾಟ್ಕವಾ?”

ಚೆಲುವರಾಜು ಮುಖವಾಡವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ. ಅವನಿಗೆ ಬೇರೆಯೇ ಕಷ್ಟ ಶುರುವಾಗಿತ್ತು. “ಮಾವ ಹೇಳಾದು ಅಲ್ಲ ಮೇಡಂ ನಂಗೆ ಚಿಂತೆ. ಕಾಗೆ ಆಗಿ ಬರೋದು ಅವ್ವ ಅಂತ ತಾನೆ ಇಕ್ಕೋದು? ಇದ ಹಾಕ್ಕಂಡ್ರೆ ಅವ್ವಂಗೆ ನನ್ನ ಗುರ್ತು ಎಂಗೆ ಸಿಕ್ತದೆ? ಯಾರೋ ಇಕ್ಕಿದ್ರು, ಉಂಡೆ ಅಂದ್ಕಂಡು ಹೊಂಟೋದ್ರೆ?”

ಅಡುಗೆಮನೆಯಿಂದ ಮುದ್ದೆಯ ಕೈಯಲ್ಲೇ ಹೊರಗೆ ಬಂದ ಮಂಗಳಮ್ಮ ಗಂಡನನ್ನೂ ಬೆಟ್ಟಯ್ಯನನ್ನೂ ಒಟ್ಟಿಗೆ ನೋಡಿದಳು.

“ಒಂದು ವರ್ಸದಿಂದ ಉಪಾಸ ಅವ್ರೆ ನಮ್ಮತ್ತೆ. ಮೊದ್ಲು ಉಣ್ಲಿ. ಗುರ್ತು ಪರ್ತು ಆಮೇಕೆ.”

ಬೆಟ್ಟಯ್ಯ ಗೊಣಗಿಕೊಂಡೇ ಮೆಟ್ಟಿಲು ಹತ್ತಿದ.

ಎಲೆ ಹಾಕಿದ್ದಾಯಿತು. ಚೆಲುವರಾಜು ಮುಖವಾಡ ಕಟ್ಟಿಕೊಂಡು ಮುದ್ದೆ, ಉಪ್ಸಾರು, ಕಜ್ಜಾಯ ಎಲ್ಲವನ್ನೂ ತನ್ನ ಕೈಯಿಂದಲೇ ಬಡಿಸಿ, ಎಲೆಯಿಂದ ನಾಲ್ಕು ಹೆಜ್ಜೆ ಹಿಂದೆ ಕೈಮುಗಿದು ನಿಂತ. ನಾವೆಲ್ಲ ಮೆಟ್ಟಿಲಿನ ಬಾಗಿಲ ಹಿಂದೆ ಒಬ್ಬರ ಭುಜದ ಮೇಲೊಬ್ಬರು ಇಣುಕುತ್ತಿದ್ದೆವು. ಒಂದು ಕಾಗೆ ಟ್ಯಾಂಕಿನ ಮೇಲೆ ಬಂದು ಕೂತಿತು. ತಲೆ ವಾಲಿಸಿ ಆ ಮೊಂಡು ಮುಖವನ್ನು ಈ ಕಣ್ಣಿನಿಂದ ನೋಡಿತು, ಆ ಕಣ್ಣಿನಿಂದ ನೋಡಿತು. ಕೂಗಲಿಲ್ಲ. ಗೋಡೆಗೆ ಇಳಿಯಿತು, ಗೋಡೆಯಿಂದ ನೆಲಕ್ಕೆ ಇಳಿಯಿತು. ಎರಡು ಸಲ ಕುಪ್ಪಳಿಸಿ ಎಲೆಯ ಅಂಚಿಗೆ ಬಂದು, ಮುದ್ದೆಯನ್ನು ಒಂದು ಸಲ ಕುಕ್ಕಿ, ಆಮೇಲೆ ಕಜ್ಜಾಯಕ್ಕೆ ಬಾಯಿ ಹಾಕಿತು.

“ಉಂಡ್ಲು,” ಎಂದ ಬೆಟ್ಟಯ್ಯ. ಕೈಮುಗಿದು ಗೋಡೆಗೆ ಒರಗಿಬಿಟ್ಟ. “ಅಕ್ಕಯ್ಯ ಉಂಡ್ಲು ಬುಡಿ.”

ಮಂಗಳಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ಹಿಂದಿದ್ದವರು ಆಗಲೇ ಊಟಕ್ಕೆಂದು ಕೆಳಗಿಳಿಯತೊಡಗಿದರು. ಮುಗಿಯಿತು, ಇನ್ನು ಈ ಮನುಷ್ಯ ಒಂದು ಕಡೆ ಕೂತಾನು ಎಂದುಕೊಂಡೆ.

ಚೆಲುವರಾಜು ಅಲ್ಲಾಡದೆ ನಿಂತೇ ಇದ್ದ. ಕಾಗೆ ಒಂದು ಕಜ್ಜಾಯ ಮುಗಿಸಿ ಎರಡನೆಯದನ್ನು ಹಿಡಿಯುವವರೆಗೆ ಕಾದ. ಆಮೇಲೆ ಎರಡೂ ಕೈಯನ್ನು ತಲೆಯ ಹಿಂದಕ್ಕೆ ಒಯ್ದು ದಾರ ಬಿಚ್ಚಿದ.

“ಬೇಡ ಕಣ್ರೀ,” ಎಂದೆ ನಾನು. ಅವನಿಗೆ ಕೇಳಿಸಿತೋ ಇಲ್ಲವೋ.

ಮುಖವಾಡ ಕೆಳಗೆ ಬಂತು. ಕಾಗೆ ತಿನ್ನುವುದನ್ನು ಬಿಟ್ಟು ತಲೆಯೆತ್ತಿತು. ಒಂದೇ ಕ್ಷಣ ಅವನ ಬೆವೆತ ಮುಖವನ್ನು ನೋಡಿ ಕಿರುಚಿ ಹಾರಿತು. ಆ ಕೂಗಿಗೆ ಉಳಿದ ಕಾಗೆಗಳು ಎಲ್ಲೆಲ್ಲಿದ್ದವೋ ಏನೋ, ಆಂಟೆನಾದಿಂದ, ತಂತಿಯಿಂದ, ಪಕ್ಕದ ಬೀದಿಯಿಂದ ಬಂದು ಅವನ ತಲೆಯ ಮೇಲೆ ಎರಗಿದವು. ಅವನು ಕೈ ಅಡ್ಡ ಹಿಡಿಯಲಿಲ್ಲ. ಮುಖವನ್ನು ಮೇಲಕ್ಕೆತ್ತಿ, ಕಣ್ಣು ಮುಚ್ಚದೆ ನಿಂತುಕೊಂಡ. ನಾನೂ ಮಂಗಳಮ್ಮನೂ ಟವೆಲ್ ಬೀಸುತ್ತಾ ಓಡಿಹೋಗಿ ಅವನನ್ನು ಬಾಗಿಲ ಒಳಗೆ ಎಳೆದುಕೊಳ್ಳುವ ಹೊತ್ತಿಗೆ ಹಣೆ ಒಡೆದು ರಕ್ತ ಮೂಗಿನವರೆಗೆ ಇಳಿದಿತ್ತು.

“ಬುದ್ಧಿ ಇದೆಯೇನ್ರೀ ನಿಮಗೆ?” ಎಂದು ಕಿರುಚಿದೆ.

ಅವನು ಮೆಟ್ಟಿಲ ಮೇಲೆ ಕೂತ. ಒಂದು ವರ್ಷದಲ್ಲಿ ಅವನು ನನ್ನ ಕಣ್ಣೆದುರು ಕೂತದ್ದು ಅದೇ ಮೊದಲು. ಮಗುವಿನ ಹಾಗೆ ನಗುತ್ತಿದ್ದ, ಕಣ್ಣಿನಿಂದ ನೀರು ಸುರಿಯುತ್ತಿತ್ತು.

“ಗುರ್ತು ಸಿಕ್ತು ಮೇಡಂ,” ಎಂದ. “ಅವ್ವಂಗೆ ನನ್ನ ಗುರ್ತು ಸಿಕ್ಬುಡ್ತು.”

ಮಂಗಳಮ್ಮ ಹಣೆಗೆ ಅರಿಶಿನ ಒತ್ತಲು ಬಂದಳು. ಅವನು ಅವಳ ಕೈಯನ್ನು ಹಿಡಿದು, ಆ ಗಾಯ ಇನ್ನೂ ಸ್ವಲ್ಪ ಹೊತ್ತು ಹಾಗೇ ಇರಲಿ ಎಂದ.